ಒಲೆಯ ಪಕ್ಕದಲ್ಲೇ ಕಚೇರಿ: ಕಸ್ಬಾದ ಫ್ಲ್ಯಾಟಿಗೆ ತೆರೆದ ಅಡುಗೆಮನೆ ಹೊಂದೀತೇ?

ಕೋಲ್ಕತ್ತಾ: ಬಾಲಿಗಂಜ್ ರೈಲು ನಿಲ್ದಾಣದ ಬಳಿ ಬಿಜನ್ ಸೇತು ದಾಟಿ ಪೂರ್ವಕ್ಕೆ ಸಾಗಿದರೆ ಸಿಗುವುದೇ ಕಸ್ಬಾ. ಅಲ್ಲಿಂದ ಈಸ್ಟರ್ನ್ ಮೆಟ್ರೋಪಾಲಿಟನ್ ಬೈಪಾಸ್‌ನತ್ತ ಹಬ್ಬಿರುವ ಈ ಬಡಾವಣೆಯಲ್ಲಿ ಹಳೆಯ ಎರಡು, ಮೂರು ಅಂತಸ್ತಿನ ಮನೆಗಳು ಒಂದೊಂದಾಗಿ ಮರೆಯಾಗಿ ನಾಲ್ಕೈದು ಮಹಡಿಯ ಫ್ಲ್ಯಾಟುಗಳು ಎದ್ದು ನಿಂತಿವೆ. ಉದ್ಯೋಗ ನಿಮಿತ್ತ ಊರು ಬಿಟ್ಟು ಬಂದು ಇಂತಹ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡುವ ಹೊರನಾಡ ಕನ್ನಡಿಗರಿಗೆ ಹಿಂದೆ ಇಲ್ಲದಿದ್ದ ಪ್ರಶ್ನೆಯೊಂದು ಈಗ ಎದುರಾಗಿದೆ. ಮನೆಯಲ್ಲೇ ಕೂತು ಕೆಲಸ ಮಾಡುವವರ ಮೇಜನ್ನು ಎಲ್ಲಿ ಇಡುವುದು?

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಊಟದ ಮೇಜೇ ಕಚೇರಿಯಾಯಿತು. ಆಮೇಲೆ ಕಚೇರಿಗಳು ತೆರೆದರೂ ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಹಲವರಿಗೆ ಉಳಿದುಕೊಂಡಿದೆ. ಟ್ಯೂಷನ್ ಹೇಳಿಕೊಡುವವರು, ಬಟ್ಟೆ ಹೊಲಿಯುವವರು, ಹಬ್ಬಕ್ಕೆ ಚಕ್ಕುಲಿ, ಹೋಳಿಗೆ ಮಾಡಿಕೊಡುವವರು ಮೊದಲಿನಿಂದಲೂ ಮನೆಯಲ್ಲೇ ದುಡಿಯುತ್ತಿದ್ದರು. ಒಂದು ಕೋಣೆ ದಂಪತಿಗೆ, ಇನ್ನೊಂದು ಮಕ್ಕಳಿಗೋ ಊರಿಂದ ಬಂದ ಅತ್ತೆ ಮಾವಂದಿರಿಗೋ ಮೀಸಲಾದ ಮೇಲೆ ಉಳಿಯುವುದು ಹಾಲ್ ಮತ್ತು ಅಡುಗೆಮನೆ. ಇವೆರಡರ ನಡುವಣ ಗೋಡೆ ತೆಗೆದು ಒಂದೇ ತೆರೆದ ಜಾಗ ಮಾಡಿದರೆ ಬೆಳಕೂ ಬಂದೀತು, ಮೇಜಿಗೆ ಎಡೆಯೂ ಸಿಕ್ಕೀತು ಎಂಬ ಆಲೋಚನೆ ಹುಟ್ಟುವುದು ಸಹಜ. ಆದರೆ ಗೋಡೆ ತೆಗೆಯುವುದು ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು ತೀರ್ಮಾನಿಸಬೇಕಾದ ಸಂಗತಿಗಳು ಹಲವಿವೆ.

ನಮಗೆ ಹೊಸದೇನಲ್ಲ

ಒಂದೇ ಸೂರಿನಡಿ ಅಡುಗೆ ಮತ್ತು ದುಡಿಮೆ ಎರಡೂ ನಡೆಯುವುದು ಕನ್ನಡನಾಡಿಗೆ ಹೊಸದಲ್ಲ. ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಮಗ್ಗ ಇರುವುದು ಮನೆಯೊಳಗೇ. ಗಂಡಸರು ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದರೆ ಹೆಂಗಸರು ಒಲೆಯ ಮೇಲೊಂದು ಕಣ್ಣಿಟ್ಟುಕೊಂಡೇ ಕಂಡಿಕೆ ಸುತ್ತುತ್ತಿದ್ದರು. ಆದರೂ ಅಲ್ಲೊಂದು ಕಟ್ಟುನಿಟ್ಟಿತ್ತು. ಹೊಗೆ, ಮಸಿ, ಎಣ್ಣೆ ರೇಷ್ಮೆಗೆ ತಾಗಬಾರದು. ಮಗ್ಗದ ಜಾಗ ಮಗ್ಗಕ್ಕೆ, ಒಲೆಯ ಜಾಗ ಒಲೆಗೆ. ಇಂದು ರೇಷ್ಮೆಯ ಜಾಗದಲ್ಲಿ ಲ್ಯಾಪ್‌ಟಾಪು, ಕಡತಗಳು ಬಂದಿವೆ.

ಹೊರಜಗತ್ತಿನ ಕಥೆಯೂ ಕುತೂಹಲಕರ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೇಟೆ ಶೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ 1926ರಲ್ಲಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಅಡುಗೆ ಮಾಡುವವರ ಹೆಜ್ಜೆ ಉಳಿಸುವುದೇ ಉದ್ದೇಶ. ರೈಲಿನ ಅಡುಗೆ ಡಬ್ಬಿಯೇ ಅದಕ್ಕೆ ಮಾದರಿ. ಇಂದಿನ ಮಾಡ್ಯುಲರ್ ಕಿಚನ್‌ಗಳ ಮೂಲವೂ ಅದೇ. ಹೆಜ್ಜೆಗಳೇನೋ ಉಳಿದವು. ಆದರೆ ಒಬ್ಬರೇ ನಿಲ್ಲಬಹುದಾದ ಆ ಜಾಗದಲ್ಲಿ ಗೃಹಿಣಿ ಒಂಟಿಯಾದಳು ಎಂಬ ಟೀಕೆಯೂ ಆಮೇಲೆ ಕೇಳಿಬಂತು.

ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಹಿಡಿದದ್ದು ಬೇರೆ ದಾರಿ. 1934ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಕಟ್ಟಿದ ವಿಲ್ಲಿ ಮನೆಯಲ್ಲಿ ಅವರು ಅಡುಗೆಮನೆಯನ್ನು ಹಾಲ್‌ಗೆ ಸೇರಿಸಿ ಅದನ್ನು 'ವರ್ಕ್‌ಸ್ಪೇಸ್' ಎಂದೇ ಕರೆದರು. ಆಳುಕಾಳು ಇಟ್ಟುಕೊಳ್ಳಲಾಗದ ಸಾಮಾನ್ಯ ಸಂಸಾರದಲ್ಲಿ ಅಡುಗೆ ಮಾಡುವವರೂ ನಾಲ್ಕು ಜನರ ಮಾತಿನಲ್ಲಿ ಪಾಲುಗೊಳ್ಳಬೇಕು ಎಂಬ ವಿಚಾರ ಅದರ ಹಿಂದಿತ್ತು. ತೆರೆದ ಅಡುಗೆಮನೆಯ ನಿಜವಾದ ಲಾಭವೂ ಇದೇ. ಅಂದವೇನಿದ್ದರೂ ಆಮೇಲಿನ ಮಾತು.

ಗಾಳಿ ಯಾವ ಕಡೆಯಿಂದ?

ಕಸ್ಬಾದಲ್ಲಿ ಮನೆ ನೋಡಲು ಹೋದವರಿಗೆ ದಲ್ಲಾಳಿ ಮೊದಲು ಹೇಳುವ ಮಾತು 'ದಖಿನ್ ಖೋಲಾ', ಅಂದರೆ ದಕ್ಷಿಣಕ್ಕೆ ತೆರೆದ ಮನೆ. ಬೇಸಿಗೆಯ ಸಂಜೆ ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವ ತೆಂಕಣ ಗಾಳಿ ಈ ನಗರದ ದೊಡ್ಡ ಸಂಪತ್ತು. ಆದ್ದರಿಂದಲೇ ಅಂತಹ ಫ್ಲ್ಯಾಟಿಗೆ ಬೇಡಿಕೆ ಹೆಚ್ಚು.

ನಮ್ಮವರು ಹುಡುಕುವುದು ಆಗ್ನೇಯ ಮೂಲೆಯ ಅಡುಗೆಮನೆಯನ್ನು. ಮಳೆಗಾಲದಲ್ಲಿ ಪಶ್ಚಿಮ, ನೈಋತ್ಯದಿಂದ ಗಾಳಿ ಬೀಸುವ ಬೆಂಗಳೂರಿನಂತಹ ಊರಿನಲ್ಲಿ ಆಗ್ನೇಯದ ಒಲೆಯ ಹೊಗೆ ಸಲೀಸಾಗಿ ಪೂರ್ವಕ್ಕೆ ಹೊರಟುಹೋಗುತ್ತದೆ. ಕೋಲ್ಕತ್ತಾದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ದಕ್ಷಿಣದ ಕಿಟಕಿಯಿಂದ ನುಗ್ಗುವ ಗಾಳಿ ಒಗ್ಗರಣೆಯ ಘಾಟನ್ನೂ ಸಾಸಿವೆ ಎಣ್ಣೆಯ ಹೊಗೆಯನ್ನೂ ಹೊತ್ತು ನೇರ ಹಾಲ್‌ಗೆ ತರುತ್ತದೆ. ನಡುವೆ ಗೋಡೆ ಇದ್ದಾಗ ಇದು ತಿಳಿಯುತ್ತಿರಲಿಲ್ಲ. ಗೋಡೆ ಹೋದ ಮೇಲೆ ಮೊದಲು ಘಾಟು ಬಡಿಯುವುದು ಕೆಲಸದ ಮೇಜಿಗೆ.

ಹೀಗಾಗಿ ಸಾಧ್ಯವಿದ್ದಲ್ಲಿ ಮೇಜು ದಕ್ಷಿಣದ ಕಿಟಕಿಯ ಬಳಿ, ಒಲೆ ಉತ್ತರ ಅಥವಾ ಪೂರ್ವದ ಗೋಡೆಗೆ ಇರುವುದು ಮೇಲು. ವಾಸ್ತುವಿನ ಕಾರಣದಿಂದ ಒಲೆಯನ್ನು ಆಗ್ನೇಯದಲ್ಲೇ ಇಡುವುದಾದರೆ ಪೂರ್ವದ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಕರಿಯುವ ಹುರಿಯುವ ಹೊತ್ತಿನಲ್ಲಿ ದಕ್ಷಿಣದ ಕಿಟಕಿ ಮುಚ್ಚಿಡುವುದು ಒಳ್ಳೆಯದು.

ಇಲ್ಲೊಂದು ಸರಳ ಲೆಕ್ಕವಿದೆ. 7 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಮುಚ್ಚಿದ ಅಡುಗೆಮನೆಯ ಗಾಳಿ 504 ಘನ ಅಡಿ. ಹಾಲ್ ಸೇರಿ 12 ಅಡಿಗೆ 20 ಅಡಿಯ ಒಂದೇ ಜಾಗವಾದರೆ ಅದು 2160 ಘನ ಅಡಿ, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹಳೆಯ ಫ್ಯಾನಿಗೆ ಅಷ್ಟನ್ನೂ ಹೊರದಬ್ಬುವ ಶಕ್ತಿ ಸಾಲದು. ಒಲೆಯ ನೆತ್ತಿಯ ಮೇಲೆ ಕೊಳವೆಯ ಮೂಲಕ ಹೊರಗೆ ಬಿಡುವ ಚಿಮಣಿ ಬೇಕು. ಕೊಳವೆಯಿಲ್ಲದ ಚಿಮಣಿ ಜಿಡ್ಡನ್ನು ಹಿಡಿದುಕೊಂಡೀತು, ಹಬೆಯನ್ನು ಅಲ್ಲೇ ಬಿಡುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವ, ರವೆ ಹುಳು ಹಿಡಿಯುವ ಈ ಊರಿನಲ್ಲಿ ಹಬೆ ಮನೆಯೊಳಗೆ ಉಳಿದರೆ ಕಾಗದಪತ್ರಕ್ಕೆ ಬೂಷ್ಟು ಗ್ಯಾರಂಟಿ.

ಗೋಡೆ ಕೆಡವುವ ಮುನ್ನ

ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯ ಗೋಡೆ ಕೆಡವುವುದು ಅದಕ್ಕಿಂತ ಸೂಕ್ಷ್ಮ. ಕಾಂಕ್ರೀಟ್ ಕಂಬ, ತೊಲೆಗಳ ಮೇಲೆ ನಿಂತ ಹೊಸ ಕಟ್ಟಡಗಳಲ್ಲಿ ಒಳಗಿನ 5 ಅಂಗುಲದ ಗೋಡೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಹಳೆಯ ಮನೆಗಳ 10 ಅಂಗುಲದ ಇಟ್ಟಿಗೆ ಗೋಡೆ ಹಾಗಲ್ಲ, ಮೇಲಿನ ಮಹಡಿಯ ಭಾರವನ್ನೇ ಅದು ಹೊತ್ತಿರಬಹುದು. ದಕ್ಷಿಣ ಕೋಲ್ಕತ್ತಾದ ಬಾಘಾಜತಿನ್‌ನಲ್ಲಿ 2025ರ ಜನವರಿ 14ರಂದು ನಾಲ್ಕು ಮಹಡಿಯ ವಸತಿ ಕಟ್ಟಡವೊಂದು ಪಕ್ಕಕ್ಕೆ ವಾಲಿದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ನಡೆದದ್ದು ಕಟ್ಟಡವನ್ನು ಮೇಲೆತ್ತುವ ಕೆಲಸ, ಗೋಡೆ ಒಡೆಯುವುದಲ್ಲ. ಆದರೂ ಮೆದು ಮಣ್ಣಿನ ಈ ನಗರದಲ್ಲಿ ಕಟ್ಟಡದ ಮೈ ಮುಟ್ಟುವ ಮುನ್ನ ತಿಳಿದವರನ್ನು ಕೇಳಬೇಕು ಎಂಬುದಕ್ಕೆ ಅದು ಎಚ್ಚರಿಕೆ. ಪಾಲಿಕೆಯ ಲೈಸೆನ್ಸ್ ಪಡೆದ ಬಿಲ್ಡಿಂಗ್ ಸರ್ವೇಯರ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಮೇಲೆಯೇ ಸುತ್ತಿಗೆ ಎತ್ತಬೇಕು. ಫ್ಲ್ಯಾಟ್ ಮಾಲೀಕರ ಸಂಘಕ್ಕೂ, ಬಾಡಿಗೆಯಾದರೆ ಮನೆಯ ಯಜಮಾನರಿಗೂ ಬರಹದಲ್ಲಿ ತಿಳಿಸುವುದು ಕ್ಷೇಮ.

ಗೋಡೆ ತೆಗೆದರೆ ಜಾಗ ಬಹಳ ಹೆಚ್ಚುತ್ತದೆ ಎಂಬುದೂ ಭ್ರಮೆ. 10 ಅಡಿ ಉದ್ದ, 5 ಅಂಗುಲ ದಪ್ಪದ ಗೋಡೆ ಹೋದರೆ ಸಿಗುವುದು ಸುಮಾರು 4 ಚದರ ಅಡಿ ಮಾತ್ರ. ಅದೇ ಹೊತ್ತಿಗೆ ಕಪಾಟು, ಶೆಲ್ಫು, ದೇವರ ಗೂಡು ಒರಗಿಸಲು ಇದ್ದ ಒಂದು ಆಸರೆ ಕೈತಪ್ಪುತ್ತದೆ. ಇಡೀ ಗೋಡೆಯ ಬದಲು ಸೊಂಟದೆತ್ತರದವರೆಗೆ ಉಳಿಸಿ ಮೇಲ್ಭಾಗ ತೆರೆಯಬಹುದು. ಅಥವಾ ಗಟ್ಟಿ ಗಾಜಿನ ಸರಿಯುವ ಬಾಗಿಲು ಹಾಕಬಹುದು. ಬೆಳಕು ಬರುತ್ತದೆ, ಬೇಕೆಂದಾಗ ಹೊಗೆಯನ್ನೂ ಸದ್ದನ್ನೂ ತಡೆಯುತ್ತದೆ, ಎ.ಸಿ. ಹಾಕಿದಾಗ ತಂಪು ಚಿಮಣಿಯಲ್ಲಿ ಸೋರಿ ಹೋಗುವುದಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಊಟದ ಜಾಗ ಬೇರೆ ಇದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರ ಅಡಿ ಇರಬೇಕು. ಊಟವೂ ಅಲ್ಲೇ ಆದರೆ 7.5 ಚದರ ಮೀಟರ್, ಸುಮಾರು 81 ಚದರ ಅಡಿ. ಕೆಲಸದ ಮೇಜಿನ ಜಾಗವನ್ನು ಈ ಲೆಕ್ಕದ ಹೊರಗೆ ಕಂಡುಕೊಳ್ಳಬೇಕು. 4 ಅಡಿ ಉದ್ದ, 2 ಅಡಿ ಅಗಲದ ಮೇಜು, ಕುರ್ಚಿ ಹಿಂದೆ ಸರಿಸಲು 3 ಅಡಿ: ಒಟ್ಟು 20 ಚದರ ಅಡಿ ಸಾಕು.

ಅನಿಲ, ವಿದ್ಯುತ್, ನೀರು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಏರದೆ ನೆಲದಲ್ಲೇ ಹರಡುತ್ತದೆ. ಕಂಪ್ಯೂಟರಿನ ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನು ನಾವು ಇಡುವುದು ಮೇಜಿನ ಕೆಳಗೆ, ನೆಲದ ಮೇಲೆ. ಗೋಡೆಯಿಲ್ಲದ ಮನೆಯಲ್ಲಿ ಇವೆರಡೂ ಒಂದೇ ನೆಲ ಹಂಚಿಕೊಳ್ಳುತ್ತವೆ. ಯುಪಿಎಸ್‌ನ ಒಂದು ಕಿಡಿ ಸಾಕು. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಅದರ ಕಪಾಟಿನ ಬುಡದಲ್ಲಿ ಗಾಳಿ ಹೊರಗೆ ಹೋಗಲು ಕಿಂಡಿ ಬಿಡಬೇಕು. ಯುಪಿಎಸ್ ದೂರದಲ್ಲಿ, ನೆಲದಿಂದ ಮೇಲೆ ಇರಬೇಕು. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಬೆಂಕಿಯನ್ನು ಒಂದಿಷ್ಟು ಹೊತ್ತು ತಡೆಯಬಲ್ಲ ಬಾಗಿಲು ತೆರೆದ ಅಡುಗೆಮನೆಗೆ ಇರುವುದಿಲ್ಲವಾದ್ದರಿಂದ ಹೊರಬಾಗಿಲ ಹತ್ತಿರ ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್ ಇರಲಿ.

ಇಂಡಕ್ಷನ್ ಒಲೆ 2000 ವ್ಯಾಟ್‌ನದಾದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದರೊಂದಿಗೆ ಮಿಕ್ಸಿ, ಮೈಕ್ರೋವೇವ್, ಕಂಪ್ಯೂಟರು ಎಲ್ಲವೂ ಒಂದೇ ತಂತಿಗೆ ಜೋತುಬಿದ್ದರೆ ಮೀಟಿಂಗ್ ನಡುವೆ ಎಂಸಿಬಿ ಬೀಳುವುದು ಖಂಡಿತ. ಅಡುಗೆಗೊಂದು, ಮೇಜಿಗೊಂದು ಪ್ರತ್ಯೇಕ ಲೈನ್ ಎಳೆಸಬೇಕು.

ನೆಲಮಹಡಿಯವರಿಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರ ರಾತ್ರಿಯಿಂದ 23ರ ಬೆಳಗಿನವರೆಗೆ ಕೋಲ್ಕತ್ತಾದಲ್ಲಿ ಸುರಿದ ಮಳೆ 250 ಮಿಲಿಮೀಟರ್ ಆಸುಪಾಸು. ಮನೆಗಳಿಗೆ ನೀರು ನುಗ್ಗಿತು, ವಿದ್ಯುತ್ ಸ್ಪರ್ಶದಿಂದ ಜೀವಗಳೂ ಹೋದವು. ಪ್ಲಗ್ ಪಾಯಿಂಟುಗಳನ್ನು ಸೊಂಟದೆತ್ತರಕ್ಕೆ ಏರಿಸಿ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿದುಹಾಕುವ ಆರ್‌ಸಿಸಿಬಿ ಹಾಕಿಸುವುದು ಇಂತಹ ಮನೆಗಳಿಗೆ ತೀರಾ ಅಗತ್ಯ.

ಒಂದೇ ಕಟ್ಟೆ ಎರಡಕ್ಕೂ ಆಗದು

ಅಡುಗೆ ಕಟ್ಟೆಯನ್ನೇ ಉದ್ದ ಮಾಡಿ ಅದರ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಚಿತ್ರಗಳು ಆಕರ್ಷಕವಾಗಿ ಕಾಣುತ್ತವೆ. ಆದರೆ ನಿಂತು ಅಡುಗೆ ಮಾಡಲು ಕಟ್ಟೆ 33, 34 ಅಂಗುಲ ಎತ್ತರ ಬೇಕು. ಕೂತು ಬರೆಯಲು 29, 30 ಅಂಗುಲ. ಈ ನಾಲ್ಕು ಅಂಗುಲದ ವ್ಯತ್ಯಾಸವನ್ನು ಕಡೆಗಣಿಸಿದರೆ ದಂಡ ತೆರುವುದು ಹೆಗಲು ಮತ್ತು ಕತ್ತು. ಕಟ್ಟೆ ಒಂದೇ ಸಾಲಿನಲ್ಲಿದ್ದರೂ ಮೇಜಿನ ಭಾಗವನ್ನು ತಗ್ಗಿಸಬೇಕು. ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುವ ರೂಢಿಯ ಹಿರಿಯರಿಗೆ ಈ ತಗ್ಗು ಭಾಗ ಕುರ್ಚಿಯಲ್ಲಿ ಕೂತು ಹೆಚ್ಚಲೂ ಅನುಕೂಲ. ಬಂಗಾಳಿ ಮನೆಗಳಲ್ಲೂ ಈಳಿಗೆಮಣೆಯಂತಹದೇ 'ಬೋಟಿ' ಇರುವುದರಿಂದ ಇಲ್ಲಿಯ ಬಡಗಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ಸದ್ದಿಗೆ ಪೂರ್ಣ ಪರಿಹಾರವಿಲ್ಲ. ಚಟ್ನಿ ರುಬ್ಬುವ ಮಿಕ್ಸಿ, ಕುಕ್ಕರ್‌ನ ಸೀಟಿ ಫೋನಿನಲ್ಲಿ ಆಚೆಯವರಿಗೂ ಕೇಳುತ್ತವೆ. ಮನೆಯವರೆಲ್ಲ ಕೂತು ಹೊತ್ತನ್ನು ಹಂಚಿಕೊಳ್ಳುವುದೊಂದೇ ದಾರಿ.

ಆ ಮೇಜು ಯಾರದು?

ಬಹುತೇಕ ಮನೆಗಳಲ್ಲಿ ತೆರೆದ ಅಡುಗೆಮನೆಯ ಬಗ್ಗೆ ಚರ್ಚೆ ನಿಲ್ಲುವುದು ಟೈಲ್ಸ್ ಬಣ್ಣದಲ್ಲಿ. ನಿಜವಾದ ಪ್ರಶ್ನೆ ಉಳಿದೇಬಿಡುತ್ತದೆ. ಮನೆಯ ಯಜಮಾನರಿಗೆ ಬಾಗಿಲು ಹಾಕಿಕೊಳ್ಳಲು ಕೋಣೆ ಸಿಗುತ್ತದೆ, ಅಷ್ಟೇ ಸಂಬಳ ತರುವ ಯಜಮಾನಿಗೆ ಮಾತ್ರ ಒಲೆಯ ಪಕ್ಕದ ಮೂಲೆ. ಕೈ ಕೀಬೋರ್ಡಿನ ಮೇಲೆ, ಕಣ್ಣು ಹಾಲಿನ ಪಾತ್ರೆಯ ಮೇಲೆ. ಎರಡು ಕೆಲಸಗಳನ್ನು ಒಂದೆಡೆ ತಂದ ಮಾತ್ರಕ್ಕೆ ಎರಡನ್ನೂ ಒಬ್ಬರೇ ಮಾಡಬೇಕೆಂದಿಲ್ಲ. ಗೋಡೆ ತೆಗೆದ ಮೇಲೆ ಅಡುಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈಗೂ ಬಿದ್ದರೆ ಮಾತ್ರ ಆ ಖರ್ಚು ಸಾರ್ಥಕ.

ಆದಕಾರಣ ನಕ್ಷೆಯಲ್ಲಿ ಮೊದಲು ಬರೆಯಬೇಕಾದದ್ದು ಊಟದ ಹೊತ್ತಿಗೆ ಎತ್ತಿಡಬೇಕಾಗದ ಒಂದು ಮೇಜು. ಅದಕ್ಕೊಂದು ಬೀಗವಿರುವ ಡ್ರಾಯರ್, ಸ್ವಂತ ದೀಪ, ಕಿಟಕಿಯ ಬೆಳಕು ಪರದೆಗೆ ಹೊಡೆಯದೆ ಪಕ್ಕದಿಂದ ಬೀಳುವಂತಹ ಜಾಗ ಬೇಕು. ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೂ ಇದೇ ಮಾತು. ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಅವರಿಗೆ ಕಡ್ಡಾಯ. ಲೆಕ್ಕ ಬರೆಯುವ, ಪೊಟ್ಟಣ ಕಟ್ಟುವ ಜಾಗ ಹಿಟ್ಟು ಎಣ್ಣೆಯ ಜಾಗದಿಂದ ಬೇರೆಯಾಗಿದ್ದರೆ ಶುಚಿಯೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ. ಮಡಿ ಮೈಲಿಗೆ ಪಾಲಿಸುವ ಹಿರಿಯರಿದ್ದರೆ ದೇವರ ಗೂಡನ್ನು ಹೊರಬಾಗಿಲಿಗೆ ಎದುರಾಗದ ಮೂಲೆಯಲ್ಲಿ ಕಲ್ಪಿಸಿ, ಚಪ್ಪಲಿಯ ಗೂಡನ್ನು ಬಾಗಿಲಾಚೆಯೇ ಇಡುವುದು ಮನೆಯ ಶಾಂತಿಗೆ ಒಳ್ಳೆಯದು.

ಖರ್ಚಿಗೆ ಮುನ್ನ ಒಂದು ಸುಲಭ ಪರೀಕ್ಷೆ ಮಾಡಿ ನೋಡಬಹುದು. ಮೇಜು, ಕುರ್ಚಿ, ಓಡಾಡುವ ದಾರಿ ಎಲ್ಲವನ್ನೂ ಅಳತೆ ಪ್ರಕಾರ ನೆಲದ ಮೇಲೆ ರಂಗೋಲಿ ಗೆರೆಯಲ್ಲಿ ಎಳೆದು, ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಂದು ವಾರ ಅದರಂತೆ ಬಾಳಿ ನೋಡುವುದು. ಘಾಟು ಎಲ್ಲಿಗೆ ಬರುತ್ತದೆ, ಯಾರು ಯಾರಿಗೆ ಅಡ್ಡವಾಗುತ್ತಾರೆ, ಕುಕ್ಕರ್ ಕೂಗಿದಾಗ ಏಳುವವರು ಯಾರು ಎಂಬುದೆಲ್ಲ ಅಷ್ಟರಲ್ಲಿ ತಾನಾಗಿಯೇ ಗೊತ್ತಾಗುತ್ತದೆ. ಎಂಟನೆಯ ದಿನ ಗೆರೆ ಅಳಿಸಿ ಬೇರೆ ಎಳೆಯಬಹುದು. ಅದಕ್ಕೆ ತಗಲುವ ಖರ್ಚು ಒಂದು ಹಿಡಿ ರಂಗೋಲಿ ಪುಡಿ ಮಾತ್ರ.