ಉಪ್ಪುನೀರಿನ ಮೀನುತೊಟ್ಟಿ: ಮೀನಿಗೆ ಮೊದಲು ನೀರು ಹದವಾಗಲಿ

ಹವಳದ ದಿಬ್ಬಗಳಲ್ಲಿ ಬದುಕುವ ಬಣ್ಣದ ಮೀನುಗಳನ್ನು ಸಾಕಲು ಕಡಲ ತೀರದಲ್ಲಿಯೇ ಮನೆ ಇರಬೇಕೆಂದಿಲ್ಲ. ಆದರೆ ತೊಟ್ಟಿ, ಉಪ್ಪು, ಮೀನು ಮೂರನ್ನೂ ಒಂದೇ ದಿನ ತಂದವರು ಕೆಲವೇ ದಿನಗಳಲ್ಲಿ ಮೀನನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ. ಭೂಮಿ ಹದಮಾಡದೆ ಬಿತ್ತುವವರುಂಟೇ? ಇಲ್ಲಿ ಹದಗೊಳ್ಳಬೇಕಾದದ್ದು ನೀರು.

ತೊಟ್ಟಿ ಮತ್ತು ನೀರು

ಮೊದಲ ಸಲಕ್ಕೆ ಸುಮಾರು 100 ಲೀಟರ್ ಹಿಡಿಸುವ ತೊಟ್ಟಿ ಸಾಕು. ನೀರಿನ ತೂಕವೇ 100 ಕಿಲೋ ದಾಟುವುದರಿಂದ ಗಟ್ಟಿಯಾದ ಪೀಠ ಬೇಕು. ನೇರ ಬಿಸಿಲು ಬೀಳಬಾರದು.

ಅಡುಗೆ ಉಪ್ಪು ಈ ಕೆಲಸಕ್ಕೆ ಬಾರದು. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವೂ ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ದೊರೆಯುವ ಸಮುದ್ರ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿ, ಹೈಡ್ರೋಮೀಟರಿನಲ್ಲಿ 1.025 ತೋರುವಂತೆ ಸರಿಪಡಿಸಿರಿ. ಕೊಳವೆ ಬಾವಿಯ ನೀರಿನಲ್ಲಿ ಗೊಬ್ಬರದಿಂದ ಬಂದ ನೈಟ್ರೇಟ್ ಇರಬಹುದು, ಆದ್ದರಿಂದ ಆರ್.ಓ. ಯಂತ್ರದಲ್ಲಿ ಶುದ್ಧಿಗೊಳಿಸಿದ ನೀರನ್ನು ಬಳಸುವುದು ಉತ್ತಮ. ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್, ರಸಸಾರ 8.1ರಿಂದ 8.4 ಇರಲಿ.

ಕಾಣದ ಕೆಲಸಗಾರರು

ಮೀನಿನ ತ್ಯಾಜ್ಯದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯಾ ಉಂಟಾಗುತ್ತದೆ. ಕ್ಷಾರ ಭೂಮಿಯ ಮೇಲೆ ಯೂರಿಯಾ ಎರಚಿದರೆ ಅಮೋನಿಯಾ ಆವಿಯಾಗಿ ನಷ್ಟವಾಗುವುದನ್ನು ನೀವು ಬಲ್ಲಿರಿ. ಉಪ್ಪುನೀರಿನಲ್ಲಿಯೂ ರಸಸಾರ ಹೆಚ್ಚಿದಷ್ಟೂ ಈ ರೂಪದ ಅಮೋನಿಯಾದ ಪಾಲು ಹೆಚ್ಚುತ್ತದೆ. ಅದು ಮೀನಿಗೆ ವಿಷ.

ನಮ್ಮ ಹೊಲದಲ್ಲಿರುವಂತೆಯೇ ಇಲ್ಲಿಯೂ ಒಂದು ಗುಂಪಿನ ಅಣುಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಅಪಾಯ ಬಹಳ ಕಡಿಮೆ. ಗಾಳಿಯಿಲ್ಲದ ಭತ್ತದ ಗದ್ದೆಯ ಕೆಳಪದರದಲ್ಲಿ ನೈಟ್ರೇಟ್ ಸಾರಜನಕ ಅನಿಲವಾಗಿ ಹಾರಿಹೋಗುವಂತೆ, ರಂಧ್ರಗಳುಳ್ಳ ಕಲ್ಲಿನ ಒಳಭಾಗದಲ್ಲಿಯೂ ಆಗುತ್ತದೆ. ಗದ್ದೆಯಲ್ಲಿ ಇದು ನಷ್ಟ, ತೊಟ್ಟಿಯಲ್ಲಿ ಲಾಭ.

ಈ ಜೀವಿಗಳು ಬೆಳೆಯಲು 4ರಿಂದ 6 ವಾರ ಬೇಕು. ಮರಳು, ಸಿರಾಮಿಕ್ ತುಂಡುಗಳನ್ನು ಹಾಕಿ, ಪಂಪನ್ನು ಹಗಲಿರುಳು ನಡೆಸಿ, ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಹೀಗೆ ಆಹಾರ ಹಾಕುತ್ತಿದ್ದರೂ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದಾಗ ಮಾತ್ರ ಮೀನು ತನ್ನಿರಿ.

ಯಾವ ಮೀನು?

ಮೊಟ್ಟೆಕೇಂದ್ರದಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನಿನಿಂದ ಆರಂಭಿಸಿರಿ. ಇದರ ಮರಿ ಉತ್ಪಾದನೆಯ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಅವಕ್ಕೆ ಹವಳ ಬೇಕೇಬೇಕೆಂದಿಲ್ಲ. ಒಂದು ಮಣ್ಣಿನ ಕುಡಿಕೆಯಲ್ಲಿಯೂ ಆಸರೆ ಪಡೆಯುತ್ತವೆ.

ಹವಳವನ್ನು ಮಾತ್ರ ಮುಟ್ಟಬೇಡಿರಿ. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿಯೂ ಹವಳವಿದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಅವುಗಳನ್ನು ಕೀಳುವುದು, ಮಾರುವುದು, ಕೊಳ್ಳುವುದು ಜೈಲುಶಿಕ್ಷೆಗೆ ಒಳಪಡುವ ಅಪರಾಧ. ಅಂಗಡಿಯವರು ಕೊಟ್ಟರೂ ತೆಗೆದುಕೊಳ್ಳಬೇಡಿರಿ.

ನಿತ್ಯದ ಆರೈಕೆ

1. ನೀರು ಆವಿಯಾದಾಗ ಉಪ್ಪು ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಿರಿ.

2. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ತೆಗೆದು, ಅಷ್ಟೇ ಹೊಸ ಉಪ್ಪುನೀರು ಹಾಕಿರಿ. ತೆಗೆದ ನೀರನ್ನು ಗಿಡಗಳ ಬುಡಕ್ಕೆ ಸುರಿಯಬಾರದು, ಮಣ್ಣು ಚೌಳಾಗುತ್ತದೆ.

3. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿರಿ.

4. ಬೋರ್ಡೋ ದ್ರಾವಣಕ್ಕೆ ಬಳಸಿದ ಬಕೆಟ್ಟು ತೊಟ್ಟಿಯ ಹತ್ತಿರ ಬರಕೂಡದು. ಮೈಲುತುತ್ತದ ತಾಮ್ರ ಅತ್ಯಲ್ಪವಿದ್ದರೂ ಸಿಗಡಿ, ಶಂಖದ ಹುಳುಗಳನ್ನು ಕೊಲ್ಲುತ್ತದೆ. ಕೀಟನಾಶಕ ಸಿಂಪಡಿಸಿ ಬಂದವರು ಕೈ ಚೆನ್ನಾಗಿ ತೊಳೆಯದೆ ನೀರಿಗೆ ಅದ್ದಬಾರದು.

5. ವಿದ್ಯುತ್ ಹೋದರೆ ಅಣುಜೀವಿಗಳಿಗೂ ಮೀನಿಗೂ ಉಸಿರು ಕಟ್ಟುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಸಿದ್ಧವಿರಲಿ.

ಈ ತೊಟ್ಟಿಗೆ ಬೇಕಾದ ದೊಡ್ಡ ಬಂಡವಾಳ ತಾಳ್ಮೆ. ಬಿತ್ತನೆಗೆ ಹದ ಕಾಯುವುದನ್ನು ಅರಿತ ರೈತನಿಗೆ ಅದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.