ಗುಲ್ಮ ಊದಿಕೊಳ್ಳುವುದೇಕೆ?

ಎಡಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವು ಆರೋಗ್ಯವಂತ ವಯಸ್ಕರಲ್ಲಿ ಸುಮಾರು 150 ಗ್ರಾಂ ತೂಗುವ, ಹೊಟ್ಟೆ ಒತ್ತಿ ನೋಡಿದರೂ ಸಾಮಾನ್ಯವಾಗಿ ಕೈಗೆ ಸಿಗದ ಅಂಗವಾಗಿದ್ದು, ಉಷ್ಣವಲಯದ ನಾಡುಗಳಲ್ಲಿ ಅದು ಕೆಲವರಲ್ಲಿ ಹೊಕ್ಕುಳನ್ನೂ ದಾಟಿ ಬೆಳೆಯುವುದುಂಟು. ಮಲೇರಿಯಾ ಮತ್ತೆ ಮತ್ತೆ ಮರುಕಳಿಸುವ ಪ್ರದೇಶಗಳಲ್ಲಿ, ಮರಳುನೊಣದ ಕಡಿತದಿಂದ ಹರಡುವ ಕಾಲಾ ಅಜಾರ್ ಕಾಡಿದ ಬಿಹಾರದಂಥ ಕಡೆಗಳಲ್ಲಿ, ಸೋಂಕಿನೊಡನೆ ಸೆಣಸುವ ಕೆಲಸ ಮಿತಿಮೀರಿ ಗುಲ್ಮ ಹಿಗ್ಗುತ್ತದೆ. ಆದರೆ ಗುಲ್ಮದಿಂದ ಹೊರಟ ರಕ್ತಕ್ಕೆ ಮುಂದಿನ ದಾರಿ ಕಟ್ಟಿಹೋದಾಗಲೂ ಅದು ಊದಿಕೊಳ್ಳುತ್ತದೆ, ಮತ್ತು ಹೆಚ್ಚು ಅಪಾಯ ಅಡಗಿರುವುದು ಇಲ್ಲಿಯೇ.

ಜಠರ, ಕರುಳು ಮತ್ತು ಗುಲ್ಮಗಳ ರಕ್ತವು ನೇರವಾಗಿ ಹೃದಯಕ್ಕೆ ಮರಳದೆ, ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದಲ್ಲಿ ಕೂಡಿಕೊಂಡು ಯಕೃತ್ತಿನ, ಅಂದರೆ ಲಿವರಿನ, ಮೂಲಕ ಹಾದುಹೋಗುತ್ತದೆ. ಈ ಹಾದಿಯಲ್ಲಿ ತಡೆಯುಂಟಾದರೆ ಹಿಂದೆ ಒತ್ತಡ ಏರಿ, ಗುಲ್ಮವು ರಕ್ತ ತುಂಬಿ ದಪ್ಪವಾಗುವುದಲ್ಲದೆ, ಅನ್ನನಾಳದ ಕೆಳತುದಿಯ ತೆಳು ರಕ್ತನಾಳಗಳು ಉಬ್ಬಿ, ಅವು ಒಡೆದಾಗ ರೋಗಿ ರಕ್ತ ಕಾರಿಕೊಳ್ಳುತ್ತಾನೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಬಿ.ಪಿ.ಯೇ ಬೇರೆ, ಈ ಪೋರ್ಟಲ್ ಒತ್ತಡವೇ ಬೇರೆ.

ಈಜಿಪ್ಟಿನ ನೈಲ್ ಮುಖಜಭೂಮಿಯಲ್ಲಿ ಈ ತಡೆಯನ್ನು ಒಡ್ಡುತ್ತಿದ್ದುದು ಶಿಸ್ಟೊಸೋಮಾ ಎಂಬ ಪರೋಪಜೀವಿ ಹುಳು. ಕಾಲುವೆಯ ಬಸವನಹುಳುವಿನಿಂದ ಹೊರಬಿದ್ದ ಅದರ ಮರಿಗಳು, ನೀರಿಗಿಳಿದ ರೈತರ ಮತ್ತು ಮಕ್ಕಳ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ಕೊರೆದು ಒಳಹೊಕ್ಕು, ಬೆಳೆದು, ಕರುಳಿನ ಅಭಿಧಮನಿಗಳಲ್ಲಿ ಗಂಡುಹೆಣ್ಣು ಜೋಡಿಯಾಗಿ ವರ್ಷಗಟ್ಟಲೆ ನೆಲೆಸುತ್ತವೆ. ಮೊಟ್ಟೆಗಳಲ್ಲಿ ಒಂದಷ್ಟು ಮಲದೊಡನೆ ಹೊರಹೋದರೆ, ಉಳಿದವು ರಕ್ತದೊಡನೆ ತೇಲಿ ಯಕೃತ್ತಿನ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳ ಸುತ್ತ ದೇಹವೇ ಗಟ್ಟಿಯಾದ ನಾರು ಅಂಗಾಂಶವನ್ನು ಕಟ್ಟುತ್ತದೆ. ಕೈರೋದಲ್ಲಿದ್ದ ರೋಗಶಾಸ್ತ್ರಜ್ಞ ಸಿಮ್ಮರ್ಸ್ 1904ರಲ್ಲಿ ಈ ಬಿಳಿಯ ದಪ್ಪ ಗೋಡೆಗಳನ್ನು ಹೊಗೆ ಸೇದುವ ಮಣ್ಣಿನ ಕೊಳವೆಯ ದಂಡಿಗೆ ಹೋಲಿಸಿದರು. ಗಮನಿಸಬೇಕಾದುದೆಂದರೆ, ಯಕೃತ್ತಿನ ಜೀವಕೋಶಗಳು ಬಹುಕಾಲ ಸುಸ್ಥಿತಿಯಲ್ಲೇ ಇರುತ್ತವೆ. ಈ ಹುಳುವನ್ನು ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆ ಬರುವ ಮುನ್ನ, ಸರಿಯಾಗಿ ಕುದಿಸದ ಸಿರಿಂಜುಗಳಿಂದ ಆಂಟಿಮನಿ ಚುಚ್ಚುಮದ್ದು ಕೊಟ್ಟದ್ದರಿಂದ ಅಲ್ಲಿ ಹೆಪಟೈಟಿಸ್ ಸಿ ವ್ಯಾಪಕವಾಗಿ ಹರಡಿ, ಉಳಿದಿದ್ದ ಯಕೃತ್ತನ್ನೂ ಕೆಡಿಸಿದ್ದು ವೈದ್ಯಕೀಯ ಇತಿಹಾಸದ ಅತ್ಯಂತ ನೋವಿನ ಅಧ್ಯಾಯಗಳಲ್ಲೊಂದು.

ಭಾರತದಲ್ಲಿ ಈ ಹುಳುವಿನ ಹಾವಳಿ ಇಲ್ಲವೆಂದೇ ಹೇಳಬೇಕು. ಇಲ್ಲಿ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿಗಳಿಂದ ಬರುವ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ) ಈ ತಡೆಗೆ ಪ್ರಮುಖ ಕಾರಣವಾದರೂ, ಸಿರೋಸಿಸ್ ಇಲ್ಲದೆಯೇ ಯಕೃತ್ತಿನೊಳಗಿನ ಪೋರ್ಟಲ್ ಕವಲುಗಳು ನಾರುಗಟ್ಟುವ ಕಾಯಿಲೆಯನ್ನು ಭಾರತೀಯ ವೈದ್ಯರು 1960ರ ದಶಕದಿಂದಲೇ ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಮಕ್ಕಳಲ್ಲಿ ಪೋರ್ಟಲ್ ಅಭಿಧಮನಿಯೇ ಹೆಪ್ಪುಗಟ್ಟಿ ಮುಚ್ಚಿಹೋಗುವುದೂ ಉಂಟು. ನವಜಾತ ಶಿಶುವಿನ ಹೊಕ್ಕುಳಿನ ಸೋಂಕು ಅದರ ಕಾರಣಗಳಲ್ಲೊಂದು. ಕಾಮಾಲೆಯಿಲ್ಲದೆ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ರಕ್ತವಾಂತಿ ಮಾಡಿಕೊಂಡಾಗ, ಹೆತ್ತವರು ಲಿವರ್ ಹೋಯಿತೆಂದು ಕೈಚೆಲ್ಲಬೇಕಾಗಿಲ್ಲ; ತಡಮಾಡದೆ ಆಸ್ಪತ್ರೆಗೆ ಒಯ್ದರೆ ಎಂಡೋಸ್ಕೋಪಿಯ ಮೂಲಕ ಉಬ್ಬಿದ ನಾಳಗಳಿಗೆ ಪಟ್ಟಿ ಬಿಗಿದು ಅಥವಾ ಔಷಧಿ ಚುಚ್ಚಿ ರಕ್ತಸ್ರಾವವನ್ನು ನಿಲ್ಲಿಸಲು ಸಾಧ್ಯ.