ಬಂದೂಕಿಗೂ ಉಂಟು ಸೈಲೆನ್ಸರ್, ಆದರೆ ಅದು ಮೌನವಲ್ಲ!

ಸಿನಿಮಾಗಳಲ್ಲಿ ಈ ದೃಶ್ಯವನ್ನು ನೀವು ನೋಡಿರುತ್ತೀರಿ. ಖಳನಾಯಕ ಜೇಬಿನಿಂದ ಕೊಳವೆಯೊಂದನ್ನು ತೆಗೆದು ಪಿಸ್ತೂಲಿನ ತುದಿಗೆ ತಿರುಗಿಸಿ ಸಿಕ್ಕಿಸುತ್ತಾನೆ. ಆಮೇಲೆ 'ಫುಸ್' ಎಂಬ ಸಣ್ಣ ಸದ್ದು, ಅಷ್ಟೆ. ಪಕ್ಕದ ಕೋಣೆಯವರಿಗೂ ಏನೂ ಕೇಳಿಸುವುದಿಲ್ಲ.

ಆದರೆ ರೈಫಲ್‌ಗೆ ಸೈಲೆನ್ಸರ್ ತೊಡಿಸಿದರೆ ಅದು ಹೀಗೆ ಪಿಸುಗುಟ್ಟುವುದಿಲ್ಲ. ಆಗಲೂ ಅದರ ಸದ್ದು ಜೋರಾಗಿಯೇ ಇರುತ್ತದೆ. ಆದ್ದರಿಂದಲೇ ತಿಳಿದವರು ಅದನ್ನು 'ಸಪ್ರೆಸರ್', ಅಂದರೆ ಸದ್ದು ತಗ್ಗಿಸುವ ಸಾಧನ, ಎಂದು ಕರೆಯುತ್ತಾರೆ. ಪೂರ್ತಿ ಮೌನ ಏಕೆ ಸಾಧ್ಯವಿಲ್ಲ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ.

ಸದ್ದು ಹುಟ್ಟುವುದೆಲ್ಲಿ?

ತೋಟಾದೊಳಗಿನ ಮದ್ದು ಉರಿದಾಗ ಕ್ಷಣಾರ್ಧದಲ್ಲಿ ಅಪಾರ ಒತ್ತಡದ ಬಿಸಿ ಅನಿಲ ಉಂಟಾಗುತ್ತದೆ. ಅದು ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತದೆ. ಗುಂಡು ಹೊರಬಿದ್ದೊಡನೆ ಅನಿಲವೂ ಒಮ್ಮೆಲೇ ಹೊರನುಗ್ಗಿ ಸುತ್ತಲಿನ ಗಾಳಿಗೆ ಅಪ್ಪಳಿಸುತ್ತದೆ. 'ಢಂ' ಎಂಬ ಸದ್ದು ಮುಖ್ಯವಾಗಿ ಇದರದೇ.

ಉಬ್ಬಿದ ಬಲೂನಿಗೆ ಸೂಜಿ ಚುಚ್ಚಿ ನೋಡಿ, 'ಢಬ್' ಎನ್ನುತ್ತದೆ. ಇನ್ನೊಂದು ಬಲೂನಿನ ಬಾಯಿಯನ್ನು ಮೆಲ್ಲಗೆ ಸಡಿಲಿಸಿ, 'ಸುಯ್' ಎಂದು ಸುಮ್ಮನಾಗುತ್ತದೆ. ಎರಡರಲ್ಲೂ ಇದ್ದದ್ದು ಅಷ್ಟೇ ಗಾಳಿ. ವ್ಯತ್ಯಾಸ ಅದು ಹೊರಬರಲು ತೆಗೆದುಕೊಂಡ ಸಮಯದ್ದು. ಸಪ್ರೆಸರ್ ಮಾಡುವುದೂ ಇದನ್ನೇ. ಅದರೊಳಗಿನ ಅಡ್ಡತಟ್ಟೆಗಳ ನಡುವೆ ಅನಿಲ ಸುತ್ತಾಡಿ, ಹಿಗ್ಗಿ, ತುಸು ತಣಿದು ನಿಧಾನವಾಗಿ ಹೊರಬರುತ್ತದೆ.

ಇನ್ನೊಂದು ಸದ್ದು ಗುಂಡಿನದೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೇನಾ ರೈಫಲ್‌ಗಳ ಗುಂಡಿನ ವೇಗ ಸಾಮಾನ್ಯವಾಗಿ 700ರಿಂದ 950 ಮೀಟರ್. ಶಬ್ದವನ್ನೂ ಹಿಂದಿಕ್ಕಿ ಓಡುವ ಗುಂಡು ಗಾಳಿಯನ್ನು ಸೀಳಿ 'ಚಟಾರ್' ಎನ್ನಿಸುತ್ತದೆ. ಅದು ಹುಟ್ಟುವುದು ಬಂದೂಕಿನ ಹೊರಗೆ, ಗುಂಡು ಸಾಗುವ ದಾರಿಯುದ್ದಕ್ಕೂ. ಯಾವ ಸಪ್ರೆಸರೂ ಅದನ್ನು ತಡೆಯಲಾರದು.

ತಂದೆ ಮತ್ತು ಮಗ

1884ರಲ್ಲಿ ಲಂಡನ್ನಿನಲ್ಲಿ ಸ್ವಯಂಚಾಲಿತ ಮೆಷಿನ್ ಗನ್ ರೂಪಿಸಿದವನು ಅಮೆರಿಕ ಮೂಲದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಬಂದೂಕುಗಳ ಆರ್ಭಟದ ನಡುವೆಯೇ ಬದುಕಿದ ಆತನ ಕಿವಿ ಕೊನೆಗಾಲದಲ್ಲಿ ತೀರಾ ಮಂದವಾಗಿತ್ತು. ಆತನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಅಮೆರಿಕದಲ್ಲಿ ಎಂಜಿನಿಯರ್. ಸ್ನಾನದ ತೊಟ್ಟಿಯ ನೀರು ಸುಳಿ ಸುಳಿಯಾಗಿ ಇಳಿದುಹೋಗುವುದನ್ನು ಕಂಡು, ಅನಿಲವನ್ನೂ ಹೀಗೆ ಸುತ್ತಿಸಿದರೆ ಹೇಗೆ ಎಂಬ ವಿಚಾರ ಆತನಿಗೆ ಹೊಳೆಯಿತಂತೆ. 1909ರಲ್ಲಿ ಆತನ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ದೊರೆಯಿತು. ಮುಂದೆ ಆತನ ಕಂಪನಿ ಎಂಜಿನ್ನುಗಳ ಸದ್ದಡಗಿಸುವ ಸಾಧನಗಳನ್ನೂ ತಯಾರಿಸಿತು. ನಮ್ಮ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕೂಡ ದುಡಿಯುವುದು ಇದೇ ತತ್ವದ ಮೇಲೆ.

ಡೆಸಿಬೆಲ್ ಲೆಕ್ಕ

ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ರೈಫಲ್ ಹಾರಿಸುವವನ ಕಿವಿಯ ಬಳಿ ಸದ್ದು 160 ಡೆಸಿಬೆಲ್‌ನ ಆಸುಪಾಸು. ಒಳ್ಳೆಯ ಸಪ್ರೆಸರ್ ಇದರಲ್ಲಿ 20ರಿಂದ 35 ಡೆಸಿಬೆಲ್ ಕಡಿಮೆ ಮಾಡುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಪ್ರತಿ 10 ಡೆಸಿಬೆಲ್ ಇಳಿದರೆ ಶಬ್ದದ ತೀವ್ರತೆ ಹತ್ತರಲ್ಲೊಂದು ಭಾಗವಾಗುತ್ತದೆ. 30 ಇಳಿದರೆ ಸಾವಿರದಲ್ಲೊಂದು ಭಾಗ! ಆದರೂ ಉಳಿಯುವುದು 130 ಡೆಸಿಬೆಲ್.

ದಿಢೀರ್ ಸದ್ದು 140 ಡೆಸಿಬೆಲ್ ಮೀರಿದರೆ ಒಂದೇ ಏಟಿಗೆ ಕಿವಿಗೆ ಹಾನಿಯಾಗಬಹುದು. ಒಳಗಿವಿಯ ಶಂಖದಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಅವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಸಪ್ರೆಸರ್ ಬಳಸುವವರೂ ಕಿವಿರಕ್ಷಕ ಧರಿಸಬೇಕು.

ಜೋಪಾನವೂ ಬೇಕು

ಸಪ್ರೆಸರ್ ತೊಡಿಸಿ ಮರೆತುಬಿಡುವ ವಸ್ತುವಲ್ಲ. ನಾಲ್ಕಾರು ಸುತ್ತು ಹಾರಿಸಿದರೆ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ತಿರುಪು ಸಡಿಲಗೊಂಡು ನೇರ ತಪ್ಪಿದರೆ ಗುಂಡು ಒಳಗಿನ ತಟ್ಟೆಗೇ ಬಡಿಯುತ್ತದೆ. ಹಾಗಾಗಿ ಬಳಸುವ ಮುನ್ನ ಬಂದೂಕು ಖಾಲಿ ಮಾಡಿ ಬಿಗಿಯನ್ನು ಪರೀಕ್ಷಿಸುತ್ತಾರೆ. ಬಳಸಿದ ಮೇಲೆ ಬಿಚ್ಚಿ ಒಣಗಿಸದಿದ್ದರೆ ಒಳಗೆ ನಿಂತ ತೇವದಿಂದ ನಳಿಗೆಗೂ ತುಕ್ಕು ಹಿಡಿದೀತು. .22 ರೈಫಲ್‌ನಲ್ಲಿ ಬರಿಯ ಸೀಸದ ಗುಂಡುಗಳೇ ಹೆಚ್ಚು. ಸೀಸವೂ ಮಸಿಯೂ ಒಳಗೆ ಮೆತ್ತಿಕೊಂಡು ಅದರ ತೂಕವೇ ಏರುತ್ತದೆ. ಸೀಸ ವಿಷ. ಶುಚಿ ಮಾಡುವಾಗ ಕೈಗವಸು ಬೇಕು, ಮಕ್ಕಳು ದೂರವಿರಬೇಕು.

ಇಲ್ಲಿ ಅಪರಾಧ, ಅಲ್ಲಿ ಆರೋಗ್ಯ

ನಾರ್ವೆ, ಫಿನ್ಲೆಂಡ್‌ಗಳಲ್ಲಿ ಬೇಟೆಗಾರರು ಇದನ್ನು ಬಳಸುವುದು ಸಾಮಾನ್ಯ. ಕಿವಿಗೂ ಒಳ್ಳೆಯದು, ನೆರೆಹೊರೆಗೂ ಒಳ್ಳೆಯದು ಎಂಬುದು ಅಲ್ಲಿನ ಭಾವನೆ. ಅಮೆರಿಕ 1934ರಲ್ಲಿ ಇದಕ್ಕೆ ನೋಂದಣಿ ಕಡ್ಡಾಯ ಮಾಡಿ 200 ಡಾಲರ್ ತೆರಿಗೆ ಹೇರಿತು. 2026ರ ಜನವರಿ 1ರಿಂದ ಆ ತೆರಿಗೆ ಶೂನ್ಯವಾದರೂ ನೋಂದಣಿ ಉಳಿದಿದೆ. ಭಾರತದ 1959ರ ಆಯುಧ ಕಾಯ್ದೆಯಂತೂ ಬಂದೂಕಿನ ಸದ್ದು ತಗ್ಗಿಸುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ.

ಕುತೂಹಲದ ಸಂಗತಿ ಇನ್ನೊಂದಿದೆ. ಬಂದೂಕಿಗೆ ಸೈಲೆನ್ಸರ್ ಹಾಕಿದರೆ ತಪ್ಪು ಎನ್ನುವ ನಮ್ಮ ಕಾನೂನು, ಬೈಕಿಗೆ ಅದಿಲ್ಲದಿದ್ದರೆ ತಪ್ಪು ಎನ್ನುತ್ತದೆ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನಕ್ಕೆ ಸೈಲೆನ್ಸರ್ ಕಡ್ಡಾಯ. ಆದರೂ ಅದನ್ನು ಬದಲಿಸಿ ಗುಡುಗು ಹಬ್ಬಿಸುತ್ತಾ ಓಡಾಡುವ ಯುವಕರು ಊರೂರಿನಲ್ಲೂ ಇದ್ದಾರೆ. ಆ ಸದ್ದಿಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಒಡ್ಡಿಕೊಳ್ಳುವುದು ಸವಾರನ ಕಿವಿಯೇ ಎಂಬುದು ಅವರ ಗಮನಕ್ಕೆ ಬಂದಂತಿಲ್ಲ.

ಎನ್‌ಸಿಸಿ ಶಿಬಿರದ ಗುರಿ ಅಭ್ಯಾಸವಿರಲಿ, ದೀಪಾವಳಿಯ ಪಟಾಕಿಯಿರಲಿ, ಮಕ್ಕಳ ಕಿವಿಗೆ ರಕ್ಷಣೆ ಕೊಡಿ. ಸದ್ದು ನಿಂತ ಮೇಲೂ ಕಿವಿಯಲ್ಲಿ 'ಗುಂಯ್' ಎನ್ನುತ್ತಿದ್ದರೆ, ಸರಿಯಾಗಿ ಕೇಳಿಸದಿದ್ದರೆ, ತಡಮಾಡದೆ ಕಿವಿ ವೈದ್ಯರ ಬಳಿ ಕರೆದೊಯ್ಯಿರಿ. ಕಣ್ಣಿಗೆ ರೆಪ್ಪೆಯಿದೆ, ಮುಚ್ಚಿಕೊಳ್ಳಬಹುದು. ಕಿವಿಗೆ ರೆಪ್ಪೆಯಿಲ್ಲ. ಅದನ್ನು ಕಾಯುವ ಕೆಲಸ ನಮ್ಮದೇ.